ಕರಗದ ಮದ್ದು ಮತ್ತು ಅದರ ಬೆಂಗಾವಲು

ನಂಜನಗೂಡಿನ ಶ್ರೀಕಂಠೇಶ್ವರನಿಗೆ 'ಹಕೀಮ್ ನಂಜುಂಡ' ಎಂಬ ಇನ್ನೊಂದು ಹೆಸರಿದೆ. ಟಿಪ್ಪು ಸುಲ್ತಾನರ ಪಟ್ಟದ ಆನೆಗೆ ಕಣ್ಣಿನ ಬೇನೆ ಬಂದಾಗ ಇಲ್ಲಿ ಹರಕೆ ಹೊತ್ತರಂತೆ. ಆನೆ ಗುಣವಾದ ಮೇಲೆ ಸುಲ್ತಾನರು ದೇವಾಲಯಕ್ಕೆ ಪಚ್ಚೆಯ ಲಿಂಗವನ್ನು ಒಪ್ಪಿಸಿ, ದೇವರನ್ನು ಹಕೀಮ್ ಎಂದು ಕರೆದರು ಎಂಬುದು ಊರಿನ ಪ್ರತೀತಿ. ಐತಿಹ್ಯದ ಸತ್ಯಾಸತ್ಯತೆಯ ಚರ್ಚೆ ಇಲ್ಲಿ ಬೇಡ. ನಂಜನ್ನು ಉಂಡವನಿಗೆ ವೈದ್ಯನ ಬಿರುದು ಸಿಕ್ಕಿತಲ್ಲ, ಅದು ನಮ್ಮ ವಿಷಯಕ್ಕೆ ಒಪ್ಪುವ ಮಾತು. ಮದ್ದಿಗೂ ನಂಜಿಗೂ ನಡುವಿನ ಗೆರೆ ಬಹಳ ತೆಳುವಾದದ್ದು. ಅನೇಕ ಸಲ ಆ ಗೆರೆ ಇರುವುದು ಮದ್ದಿನಲ್ಲಲ್ಲ, ಮದ್ದನ್ನು ಬೆರೆಸಿ ಕೊಡುವ ದ್ರವದಲ್ಲಿ.

ನಂಜನಗೂಡನ್ನು ದಾಟಿದ ಕಪಿಲೆ ಸುತ್ತೂರಿನ ಪಕ್ಕದಲ್ಲಿ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸುತ್ತೂರು ಎಂದೊಡನೆ ಕನ್ನಡಿಗರಿಗೆ ಮಠ ನೆನಪಾಗುತ್ತದೆ, ಜಾತ್ರೆ ನೆನಪಾಗುತ್ತದೆ, ಜೆ.ಎಸ್.ಎಸ್. ಎಂಬ ಮೂರಕ್ಷರದ ಶಾಲೆ ಕಾಲೇಜುಗಳು ನೆನಪಾಗುತ್ತವೆ. ಆ ವಿದ್ಯಾಪೀಠ ಮೈಸೂರಿನಲ್ಲಿಯೂ ಊಟಿಯಲ್ಲಿಯೂ ನಡೆಸುತ್ತಿರುವ ಫಾರ್ಮಸಿ ಕಾಲೇಜುಗಳಲ್ಲಿ ಸಂಶೋಧನೆ ಮಾಡುವ ಯುವಕ ಯುವತಿಯರು ತಲೆಕೆಡಿಸಿಕೊಂಡಿರುವ ಪ್ರಶ್ನೆಗಳಲ್ಲಿ ಒಂದು, ನೀರಿನಲ್ಲಿ ಕರಗದ ಮದ್ದನ್ನು ರಕ್ತಕ್ಕೆ ತಲುಪಿಸುವುದು ಹೇಗೆ ಎಂಬುದು. ಇದಕ್ಕೆ ಇಂದು ಜಗತ್ತಿನಾದ್ಯಂತ ಪ್ರಯೋಗದಲ್ಲಿರುವ ಉತ್ತರಗಳಲ್ಲಿ ಪಾಲಿಮರ್ ನ್ಯಾನೋಕಣವೂ ಒಂದು. ಹೆಸರು ಹೊಸದು. ಪ್ರಶ್ನೆಗೆ ಮಾತ್ರ ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸಾಗಿದೆ.

ಅನುಪಾನ ಮತ್ತು ಬದ್ರಕಾ

ಮನುಷ್ಯನ ದೇಹದ ಬಹುಭಾಗ ನೀರು. ರಕ್ತದಲ್ಲಿ ಹರಿಯುವುದೂ ನೀರೇ. ಆದ್ದರಿಂದ ನುಂಗಿದ ಗುಳಿಗೆಯ ಸಾರ ಮೊದಲು ಕರುಳಿನ ನೀರಿನಲ್ಲಿ ಕರಗಬೇಕು. ಕರಗಿದ್ದು ಮಾತ್ರ ಕರುಳಿನ ಗೋಡೆಯನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಕರಗದೆ ಉಳಿದದ್ದು ಎಷ್ಟೇ ಶಕ್ತಿಯುತವಾಗಿರಲಿ, ನುಂಗಿದ ಹರಳಿನಂತೆ ಹೊರಗೆ ಹೋಗುತ್ತದೆ.

ನಮ್ಮ ಹಿರಿಯರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಆದರೆ ಮದ್ದು ತಾನೊಂದೇ ನಡೆಯುವುದಿಲ್ಲ, ಅದನ್ನು ಕೈಹಿಡಿದು ಕರೆದೊಯ್ಯುವವರು ಬೇಕು ಎಂಬ ಅನುಭವ ಅವರಿಗಿತ್ತು. ಆಯುರ್ವೇದದಲ್ಲಿ ಅದಕ್ಕೆ ಅನುಪಾನ ಎಂದು ಹೆಸರು. ಚೂರ್ಣವನ್ನು ಒಮ್ಮೆ ಜೇನಿನಲ್ಲಿ, ಒಮ್ಮೆ ತುಪ್ಪದಲ್ಲಿ, ಒಮ್ಮೆ ಬಿಸಿ ಹಾಲಿನಲ್ಲಿ ಕೊಡುತ್ತಾರೆ. ಯುನಾನಿ ಹಕೀಮರ ಬಳಿ ಇದೇ ಅರ್ಥಕ್ಕೆ ಬದ್ರಕಾ ಎಂಬ ಮಾತಿದೆ. ಅದು ಪಾರಸಿ ಮೂಲದ ಪದ. ಹಿಂದೆ ಸರಕು ಹೊತ್ತ ಕಾರವಾನುಗಳಿಗೆ ದಾರಿ ತೋರಿಸುತ್ತಾ ಕಳ್ಳಕಾಕರಿಂದ ಕಾಯುತ್ತಿದ್ದ ಬೆಂಗಾವಲಿಗೆ ಈ ಹೆಸರಿತ್ತು. ಮದ್ದನ್ನು ಸರಕಿಗೆ, ದೇಹವನ್ನು ದೂರದ ದಾರಿಗೆ ಹೋಲಿಸಿದ ಆ ಹಕೀಮರ ಕಲ್ಪನೆಗೂ ಇಂದಿನ ವಿಜ್ಞಾನಿಗಳು ಹೇಳುವ 'ಔಷಧ ವಾಹಕ'ಕ್ಕೂ ಹೆಚ್ಚು ದೂರವಿಲ್ಲ.

ಔಷಧ ತಯಾರಿಕೆಯನ್ನು ವೈದ್ಯಕೀಯದಿಂದ ಬೇರ್ಪಡಿಸಿ ಒಂದು ಸ್ವತಂತ್ರ ವಿದ್ಯೆಯನ್ನಾಗಿ ಬೆಳೆಸಿದ್ದರಲ್ಲಿ ಮಧ್ಯಯುಗದ ಮುಸ್ಲಿಮ್ ಜಗತ್ತಿನ ಪಾಲು ದೊಡ್ಡದು. ಒಂಬತ್ತನೆಯ ಶತಮಾನದಲ್ಲಿ ಸಾಬೂರ್ ಇಬ್ನ್ ಸಹ್ಲ್ ಎಂಬ ಕ್ರೈಸ್ತ ವೈದ್ಯರು ಅರಬ್ಬಿ ಭಾಷೆಯಲ್ಲಿ ಔಷಧ ತಯಾರಿಕೆಯ ಕೈಪಿಡಿಯೊಂದನ್ನು ಬರೆದರು. ಹನ್ನೊಂದನೆಯ ಶತಮಾನದಲ್ಲಿ ಅಲ್ ಬಿರೂನಿ ತಮ್ಮ ಇಳಿವಯಸ್ಸಿನಲ್ಲಿ 'ಕಿತಾಬುಸ್ಸೈದನ'ವನ್ನು ಬರೆದರು. ಮದ್ದುಗಳ ಹೆಸರುಗಳನ್ನು ಹಲವು ಭಾಷೆಗಳಲ್ಲಿ, ಭಾರತದ ಭಾಷೆಯೂ ಸೇರಿದಂತೆ, ದಾಖಲಿಸಿದ ಗ್ರಂಥ ಅದು. ಸುತ್ತೂರು ಮಠದ ಪರಂಪರೆ ಹತ್ತು ಹನ್ನೊಂದನೆಯ ಶತಮಾನದಲ್ಲಿ, ಚೋಳರ ರಾಜರಾಜನ ಕಾಲದಲ್ಲಿ ಆರಂಭವಾಯಿತೆಂದು ಹೇಳಲಾಗುತ್ತದೆ. ಹೆಚ್ಚುಕಡಿಮೆ ಅದೇ ಕಾಲ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಔಷಧ ತಯಾರಿಕೆಯ ವಿಭಾಗಕ್ಕೆ ಇಂದಿಗೂ 'ಇಲ್ಮುಲ್ ಸೈದ್ಲಾ' ಎಂದೇ ಹೆಸರು.

ಆ ವಿದ್ಯೆಯ ಶಬ್ದಗಳು ಯುರೋಪಿಗೂ ಹೋದವು. ಸಿರಪ್ ಎಂಬುದು ಅರಬ್ಬಿಯ ಶರಾಬ್, ಅಂದರೆ ಕುಡಿಯುವಂಥದ್ದು. ನಮ್ಮ ಶರಬತ್ತೂ ಅದರ ನೆಂಟನೇ. ಎಲಿಕ್ಸಿರ್ ಎಂಬುದು ಅಲ್ ಇಕ್ಸೀರ್. ಈ ಕೊನೆಯ ಶಬ್ದವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದು ಬಹಳ ದುಃಖದ ಸಂದರ್ಭದಲ್ಲಿ ಬರಲಿದೆ.

ಕರಗದ್ದನ್ನು ನುಣ್ಣಗೆ ಮಾಡುವುದು ಹಿರಿಯರ ಇನ್ನೊಂದು ಉಪಾಯ. ವೈದ್ಯರ ಭಸ್ಮ, ಹಕೀಮರ ಕುಷ್ತಾ, ಎರಡಕ್ಕೂ ಪರೀಕ್ಷೆಗಳಿದ್ದವು. ಬೆರಳಿನ ನಡುವೆ ಉಜ್ಜಿದರೆ ಚರ್ಮದ ಗೆರೆಗಳೊಳಗೆ ಕುಳಿತುಕೊಳ್ಳಬೇಕು, ನೀರಿನ ಮೇಲೆ ಉದುರಿಸಿದರೆ ತೇಲಬೇಕು. ಇದನ್ನು ಹಿಡಿದುಕೊಂಡು ನ್ಯಾನೋ ವಿಜ್ಞಾನವೆಲ್ಲ ನಮ್ಮಲ್ಲಿ ಮೊದಲೇ ಇತ್ತು ಎಂದು ಬೀಗುವುದು ಬೇಡ. ನುಣ್ಣಗಾದ ಲೋಹ ಮದ್ದಾಗುವಷ್ಟೇ ಸುಲಭವಾಗಿ ವಿಷವೂ ಆಗಬಲ್ಲದು. ಆದರೆ ಸಣ್ಣದಾದಷ್ಟೂ ಗುಣ ಹೆಚ್ಚುತ್ತದೆ ಎಂಬ ಅವರ ಊಹೆಯಲ್ಲಿ ಒಂದು ಸತ್ಯವಿತ್ತು. ಅದಕ್ಕೆ ಲೆಕ್ಕ ಸಿಕ್ಕಿದ್ದು 1897ರಲ್ಲಿ. ಆರ್ಥರ್ ನಾಯ್ಸ್ ಮತ್ತು ವಿಲಿಸ್ ವಿಟ್ನಿ ಎಂಬ ಇಬ್ಬರು ಅಮೆರಿಕನ್ನರು ಘನವಸ್ತು ಕರಗುವ ವೇಗದ ನಿಯಮವನ್ನು ಕಂಡುಹಿಡಿದರು. ನೀರಿಗೆ ತಾಗುವ ಮೇಲ್ಮೈ ಹೆಚ್ಚಿದಷ್ಟೂ ವಸ್ತು ಬೇಗ ಕರಗುತ್ತದೆ ಎಂಬುದು ಅದರಿಂದ ಹೊರಟ ತಿಳಿವಳಿಕೆ.

ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಕಲ್ಲುಸಕ್ಕರೆಯ ತುಂಡನ್ನು ತೆಗೆದುಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 100 ನ್ಯಾನೋಮೀಟರ್ ಗಾತ್ರದ ಚೂರುಗಳಾಗಿ ಕತ್ತರಿಸಿದರೆ ಒಟ್ಟು ವಿಸ್ತೀರ್ಣ 60 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬೆರಳ ತುದಿಯ ಮೇಲೆ ಕೂರುವ ಒಂದು ತುಂಡು ಇಪ್ಪತ್ತು ಮೂವತ್ತರ ಸೈಟನ್ನು ಮುಚ್ಚಿ ಇನ್ನೂ ಸ್ವಲ್ಪ ಉಳಿಯುತ್ತದೆ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಎಲಿಕ್ಸಿರ್ ಎಂಬ ಹೆಸರಿನ ವಿಷ

ಕರಗದ ಮದ್ದನ್ನು ಕರಗಿಸುವ ಆತುರ ಎಂತಹ ಅನಾಹುತಕ್ಕೆ ದಾರಿಯಾಗಬಹುದು ಎಂಬುದಕ್ಕೆ 1937ರ ಅಮೆರಿಕ ಸಾಕ್ಷಿ. ಸಲ್ಫಾನಿಲಮೈಡ್ ಆಗಿನ ಕಾಲದ ಸಂಜೀವಿನಿ. ಗಂಟಲು ಬೇನೆಯಿಂದ ಹಿಡಿದು ರಕ್ತದ ನಂಜಿನವರೆಗೆ ಗುಣ ಮಾಡುತ್ತಿತ್ತು. ಆದರೆ ನೀರಿನಲ್ಲಿ ಸರಿಯಾಗಿ ಕರಗುತ್ತಿರಲಿಲ್ಲ. ಮಕ್ಕಳಿಗೆ ಕುಡಿಸಲು ದ್ರವರೂಪ ಬೇಕು ಎಂಬ ಬೇಡಿಕೆ ಬಂತು. ಟೆನೆಸ್ಸಿಯ ಮ್ಯಾಸೆಂಗಿಲ್ ಕಂಪೆನಿಯ ರಸಾಯನಶಾಸ್ತ್ರಜ್ಞ ಹೆರಾಲ್ಡ್ ವಾಟ್ಕಿನ್ಸ್ ಹುಡುಕಿ ಹುಡುಕಿ ಅದನ್ನು ಕರಗಿಸುವ ಒಂದು ದ್ರವವನ್ನು ಕಂಡುಕೊಂಡರು. ಅದು ಡೈಎಥಿಲೀನ್ ಗ್ಲೈಕಾಲ್. ರುಚಿ ಸಿಹಿ. ಹಣ್ಣಿನ ವಾಸನೆ ಸೇರಿಸಿದರು, ರುಚಿ ನೋಡಿದರು, ಬಣ್ಣ ನೋಡಿದರು. ವಿಷವೋ ಅಲ್ಲವೋ ಎಂದು ಮಾತ್ರ ನೋಡಲಿಲ್ಲ. ಹಾಗೆ ನೋಡಬೇಕೆಂಬ ಕಾನೂನೂ ಆಗ ಇರಲಿಲ್ಲ.

ಮೂತ್ರಪಿಂಡಗಳನ್ನು ಹಾಳುಮಾಡುವ ಆ ದ್ರವ 100ಕ್ಕೂ ಹೆಚ್ಚು ಜನರನ್ನು ಕೊಂದಿತು. ಅವರಲ್ಲಿ ಅನೇಕರು ಮಕ್ಕಳು. ಕಂಪೆನಿಯ ಮೇಲೆ ಹೊರಿಸಲು ಸಾಧ್ಯವಾದ ಆರೋಪ ತಪ್ಪು ಹೆಸರಿನದು ಮಾತ್ರ. ಎಲಿಕ್ಸಿರ್ ಎಂದರೆ ಮದ್ಯಸಾರದಲ್ಲಿ ಕರಗಿಸಿದ ಮದ್ದು ಎಂಬುದು ರೂಢಿ, ಇದರಲ್ಲಿ ಮದ್ಯಸಾರ ಇರಲಿಲ್ಲ! ಅಷ್ಟೊಂದು ಸಾವುಗಳಿಗೆ ದಂಡ ವಿಧಿಸಲು ಸಿಕ್ಕಿದ ಆಧಾರ ಇಷ್ಟೇ. ಈ ನಾಚಿಕೆಯಿಂದಲೇ 1938ರಲ್ಲಿ, ಹೊಸ ಮದ್ದು ಸುರಕ್ಷಿತವೆಂದು ಮಾರುವ ಮೊದಲೇ ತೋರಿಸಬೇಕೆಂಬ ಕಾನೂನು ಅಮೆರಿಕದಲ್ಲಿ ಬಂತು. ನಮ್ಮಲ್ಲಿ ಔಷಧ ಕಾಯ್ದೆ ಬಂದದ್ದು 1940ರಲ್ಲಿ.

ಪಾಠ ಕಲಿತೆವೇ? 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಕೊಟ್ಟ 14 ರೋಗಿಗಳು ಸತ್ತರು. ಆ ಗ್ಲಿಸರಿನ್‌ನಲ್ಲಿ ಇದ್ದದ್ದು ಅದೇ ಡೈಎಥಿಲೀನ್ ಗ್ಲೈಕಾಲ್. ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ಆಯೋಗ ವಿಚಾರಣೆ ನಡೆಸಿ ಆಸ್ಪತ್ರೆ, ಔಷಧ ಇಲಾಖೆ, ಮಂತ್ರಿಗಳವರೆಗೆ ಕೊಳೆಯನ್ನು ಬಯಲಿಗೆಳೆಯಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿನೊಂದಿಗೆ ಭಾರತದಲ್ಲಿ ತಯಾರಾದ ಸಿರಪ್‌ಗಳ ಹೆಸರು ಕೇಳಿಬಂತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಪರೀಕ್ಷಿಸಿದಾಗ ಸಿರಪ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅದೇ ವಿಷ ಇತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಮಕ್ಕಳನ್ನು ಕೊಂದದ್ದು ಮದ್ದಲ್ಲ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅದಕ್ಕಾಗಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್‌ನಂತಹ ನಿರುಪದ್ರವಿ ದ್ರವಗಳನ್ನು ಬೆರೆಸುತ್ತಾರೆ. ಆ ದ್ರವಗಳ ಜಾಗದಲ್ಲಿ ಕಲಬೆರಕೆಯ ಅಥವಾ ಕೈಗಾರಿಕೆಯ ಅಗ್ಗದ ದ್ರವ ಬಂದು ಕುಳಿತರೆ ನೋಡುವ ಕಣ್ಣಿಗೂ ನಾಲಿಗೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಸರಕು ಸರಿಯಾಗಿಯೇ ಇತ್ತು. ಬೆಂಗಾವಲಿನವನೇ ದರೋಡೆಕೋರನಾದ.

ಡೆಟ್ಟಾಲ್ ನೀರು ಮತ್ತು ಹೊಲಿಗೆಯ ದಾರ

ದ್ರವವನ್ನು ನಂಬುವುದಕ್ಕಿಂತ ಮದ್ದನ್ನೇ ಸಣ್ಣ ಪೊಟ್ಟಣದಲ್ಲಿ ಕಟ್ಟಿ ಕಳಿಸಿದರೆ ಹೇಗೆ? ಈ ಯೋಚನೆ 1960ರ ದಶಕದ ಕೊನೆಯಲ್ಲಿ ಸ್ವಿಟ್ಸರ್‌ಲ್ಯಾಂಡಿನ ಜೂರಿಕ್‌ನಲ್ಲಿ ಪೀಟರ್ ಸ್ಪೈಸರ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ರೂಪ ಪಡೆಯಿತು. ಪೊಟ್ಟಣಕ್ಕೆ ಆರಿಸಿಕೊಂಡದ್ದು ಪಾಲಿಮರನ್ನು. ಪಾಲಿಮರ್ ಎಂದರೆ ಸಣ್ಣ ಅಣುಗಳು ಸಾಲಾಗಿ ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ. ಅಕ್ಕಿಯ ಗಂಜಿ, ಹತ್ತಿಯ ನೂಲು, ಪ್ಲಾಸ್ಟಿಕ್ ಚೀಲ, ಎಲ್ಲವೂ ಪಾಲಿಮರ್‌ಗಳೇ. ಆದರೆ ಪ್ಲಾಸ್ಟಿಕ್ಕಿನಂತೆ ಕೊಳೆಯದೆ ಉಳಿಯುವ ಪಾಲಿಮರ್ ದೇಹಕ್ಕೆ ಆಗದು. 1979ರಲ್ಲಿ ಪ್ಯಾಟ್ರಿಕ್ ಕೂವ್ರರ್ ಮತ್ತು ಅವರ ಸಂಗಡಿಗರು ದೇಹದಲ್ಲಿಯೇ ಕರಗಿಹೋಗುವ ನ್ಯಾನೋಕಣಗಳನ್ನು ತಯಾರಿಸಿದರು. ಅವರು ಬಳಸಿದ ವಸ್ತು ನಾವು ಮನೆಯಲ್ಲಿ ಮುರಿದದ್ದನ್ನು ಅಂಟಿಸುವ ಫೆವಿಕ್ವಿಕ್‌ನ ಕುಲಕ್ಕೆ ಸೇರಿದ್ದು.

ಇನ್ನೂ ಹೆಚ್ಚು ಜನಪ್ರಿಯವಾದದ್ದು ಪಿ.ಎಲ್.ಜಿ.ಎ. ಎಂಬ ಪಾಲಿಮರ್. ಆಪರೇಶನ್ ಆದವರಿಗೆ ತಾನಾಗಿ ಕರಗುವ ಹೊಲಿಗೆ ಹಾಕುತ್ತಾರಲ್ಲ, ಆ ದಾರ ಇದೇ ಜಾತಿಯದು. ದೇಹದ ನೀರು ಅದನ್ನು ನಿಧಾನವಾಗಿ ತುಂಡರಿಸುತ್ತದೆ. ಉಳಿಯುವುದು ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕಾಲಿಕ್ ಆಮ್ಲ. ಮೊದಲನೆಯದು ನಾವು ಓಡಿದಾಗ ನಮ್ಮ ಸ್ನಾಯುಗಳೇ ತಯಾರಿಸುವಂಥದ್ದು, ಮೊಸರಿನಲ್ಲಿಯೂ ಇರುವಂಥದ್ದು.

ಕಣಗಳನ್ನು ಮಾಡುವ ಬಗೆ ಕೇಳಿದರೆ ಆಶ್ಚರ್ಯವಾದೀತು. ನೀರಿಗೆ ಡೆಟ್ಟಾಲ್ ಹನಿ ಹಾಕಿದಾಗ ನೀರು ಹಾಲಿನಂತೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮದ್ಯಸಾರದಲ್ಲಿ ಕರಗಿದ್ದ ಎಣ್ಣೆಯಂಶ ನೀರು ಸಿಕ್ಕೊಡನೆ ಕರಗಿರಲಾರದೆ ಅತಿ ಸಣ್ಣ ಹನಿಗಳಾಗಿ ಹೊರಬರುವುದರಿಂದ ಆ ಬಿಳುಪು. 1989ರಲ್ಲಿ ಫ್ರಾನ್ಸಿನ ಫೆಸ್ಸಿ ಮತ್ತು ಸಂಗಡಿಗರು ವಿವರಿಸಿದ ವಿಧಾನವೂ ಇಂಥದ್ದೇ. ಮದ್ದನ್ನೂ ಪಾಲಿಮರನ್ನೂ ಅಸಿಟೋನಿನಲ್ಲಿ ಕರಗಿಸಿ, ಕಲಕುತ್ತಿರುವ ನೀರಿಗೆ ಬಿಡುತ್ತಾರೆ. ಅಸಿಟೋನ್ ನೀರಿನಲ್ಲಿ ಬೆರೆತುಹೋಗುತ್ತದೆ. ಪಾಲಿಮರ್ ಮದ್ದನ್ನು ಅಪ್ಪಿಕೊಂಡು ನ್ಯಾನೋಕಣಗಳಾಗಿ ಕೂಡುತ್ತದೆ. ಆಮೇಲೆ ಅಸಿಟೋನನ್ನು ಆರಿಸಿ ತೆಗೆಯುತ್ತಾರೆ. ಕಣಗಳ ಗಾತ್ರ ಸಾಮಾನ್ಯವಾಗಿ ತಲೆಗೂದಲಿನ ದಪ್ಪದ ಎಂಟುನೂರರಲ್ಲಿ ಒಂದು ಪಾಲಿನ ಆಸುಪಾಸು. ಮದ್ದು ಇಲ್ಲಿ ನೀರಿನಲ್ಲಿ ಕರಗಿರುವುದಿಲ್ಲ. ಪೊಟ್ಟಣದೊಳಗಿದ್ದು ತೇಲುತ್ತಾ ಸಾಗುತ್ತದೆ, ಪೊಟ್ಟಣ ಸವೆದಂತೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ.

ಒಂದು ತೊಡಕು ಉಳಿದಿತ್ತು. ರಕ್ತಕ್ಕೆ ಸೇರಿದ ಇಂತಹ ಕಣಗಳನ್ನು ದೇಹದ ಕಾವಲು ಜೀವಕೋಶಗಳು ಪರಕೀಯವೆಂದು ಹಿಡಿದು ಯಕೃತ್ತಿಗೂ ಗುಲ್ಮಕ್ಕೂ ಸಾಗಿಸಿಬಿಡುತ್ತಿದ್ದವು. 1994ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಂಗರ್ ಅವರ ತಂಡ ಕಣಗಳ ಮೇಲೆ ನೀರನ್ನು ಪ್ರೀತಿಸುವ ಇನ್ನೊಂದು ಪಾಲಿಮರಿನ ಹೊದಿಕೆ ಹಾಕಿ, ಅವು ರಕ್ತದಲ್ಲಿ ಹೆಚ್ಚು ಹೊತ್ತು ಸಂಚರಿಸುವಂತೆ ಮಾಡಿತು. ಬದ್ರಕಾಕ್ಕೆ ಈಗ ಮಾರುವೇಷವೂ ಸಿಕ್ಕಿತು!

ಹರಳೆಣ್ಣೆಯ ತೊಂದರೆ

ಇದೆಲ್ಲ ರೋಗಿಯ ಹಾಸಿಗೆಯವರೆಗೆ ಬಂದದ್ದು ಕ್ಯಾನ್ಸರಿನ ಮದ್ದೊಂದರ ಮೂಲಕ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಮದ್ದನ್ನು ಅಮೆರಿಕದ ಯೂ ಮರದ ತೊಗಟೆಯಿಂದ ತೆಗೆದವರು ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನಸುಖ್ ವಾಣಿ. ಅದರ ರಚನೆಯನ್ನು ಅವರು 1971ರಲ್ಲಿ ಪ್ರಕಟಿಸಿದರು. ಅದು ಮದ್ದಾಗಿ ಅನುಮತಿ ಪಡೆದದ್ದು 1992ರಲ್ಲಿ. ಇಷ್ಟು ತಡವಾಗಲು ಮರದ ಅಭಾವ ಒಂದು ಕಾರಣ, ನೀರಿನಲ್ಲಿ ಕರಗದಿರುವುದು ಇನ್ನೊಂದು. ಕೊನೆಗೆ ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಎಂಬ ದ್ರವದಲ್ಲಿ ಮದ್ಯಸಾರದೊಂದಿಗೆ ಅದನ್ನು ಕರಗಿಸಿ ರಕ್ತನಾಳಕ್ಕೆ ಬಿಟ್ಟರು. ಆ ದ್ರವ ಕೆಲವರಲ್ಲಿ ಉಸಿರು ಕಟ್ಟಿಸುವಂತಹ ತೀವ್ರ ಅಲರ್ಜಿಯನ್ನು ಉಂಟುಮಾಡುತ್ತಿತ್ತು. ಮದ್ದಿಗೆ ಮೊದಲು ವಾಹಕದ ಉಪಟಳ ತಡೆಯಲು ಸ್ಟೀರಾಯ್ಡ್ ಕೊಡಬೇಕಾದ ಸ್ಥಿತಿ.

2005ರಲ್ಲಿ ಅಮೆರಿಕದಲ್ಲಿ ಅಬ್ರಾಕ್ಸೇನ್ ಎಂಬ ಹೊಸ ರೂಪಕ್ಕೆ ಅನುಮತಿ ದೊರೆಯಿತು. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಮದ್ದನ್ನು ಅಂಟಿಸಿದ, ಸುಮಾರು 130 ನ್ಯಾನೋಮೀಟರಿನ ಕಣಗಳು ಅವು. ಪ್ರೋಟೀನು ಪ್ರಕೃತಿಯೇ ಮಾಡಿದ ಪಾಲಿಮರ್. ಬೆಂಗಳೂರಿನ ಬಯೋಕಾನ್ ಕಂಪೆನಿ 2008ರಲ್ಲಿ ಅದನ್ನು ಭಾರತದ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲೇ, 2007ರ ಆರಂಭದಲ್ಲಿ, ಡಾಬರ್ ಫಾರ್ಮಾ ಕಂಪೆನಿ ನ್ಯಾನೋಕ್ಸೆಲ್ ಎಂಬ ಹೆಸರಿನಲ್ಲಿ ಪಾಲಿಮರ್ ಆಧಾರಿತ ಪ್ಯಾಕ್ಲಿಟ್ಯಾಕ್ಸೆಲನ್ನು ಭಾರತದಲ್ಲಿ ಬಿಡುಗಡೆ ಮಾಡಿತ್ತು. ಅದರ ಹಿಂದೆ ದೆಹಲಿ ವಿಶ್ವವಿದ್ಯಾಲಯದ ಅಮರನಾಥ ಮೈತ್ರ ಅವರ ಸಂಶೋಧನೆಯಿತ್ತು. ನಮ್ಮ ದೇಶದ ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ಹುಟ್ಟಿದ ನ್ಯಾನೋಕಣ ನಮ್ಮದೇ ರೋಗಿಗಳನ್ನು ತಲುಪಿತು ಎಂಬುದು ಸಣ್ಣ ಸಂಗತಿಯಲ್ಲ.

ಅರಿಸಿನ ಹಾಲಿನ ಪಾಠ

ಮೈಸೂರು, ಚಾಮರಾಜನಗರ ಸೀಮೆಯಲ್ಲಿ ಅರಿಸಿನ ಬೆಳೆಯುತ್ತಾರೆ. ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗದ ವಸ್ತುಗಳಿಗೆ ಒಳ್ಳೆಯ ಉದಾಹರಣೆ. ಅರಿಸಿನ ಕಲಸಿದ ಲೋಟದ ತಳ ನೋಡಿದರೆ ಸಾಕು. 1815ರಲ್ಲಿಯೇ ಯುರೋಪಿನಲ್ಲಿ ಅದನ್ನು ಬೇರ್ಪಡಿಸಿದ್ದರು, 1910ರಲ್ಲಿ ರಚನೆಯನ್ನು ಬಿಡಿಸಿದ್ದರು. ಗಾಜಿನ ಬಟ್ಟಲಿನ ಜೀವಕೋಶಗಳ ಮೇಲೆ ಅದರ ಪರಿಣಾಮ ಅದ್ಭುತ. ಮನುಷ್ಯ ತಿಂದರೆ ರಕ್ತದಲ್ಲಿ ಕಾಣಸಿಗುವುದೇ ಕಷ್ಟ.

ಶೀತವಾದಾಗ ನಮ್ಮ ಅಜ್ಜಿಯರು ಅರಿಸಿನವನ್ನು ಬಿಸಿ ಹಾಲಿಗೆ ಹಾಕಿ, ಮೇಲೆ ನಾಲ್ಕು ಕಾಳು ಮೆಣಸಿನ ಪುಡಿ ಉದುರಿಸುತ್ತಿದ್ದರು. ಹಾಲಿನ ಕೊಬ್ಬು ಕರ್ಕ್ಯುಮಿನನ್ನು ಹಿಡಿದುಕೊಳ್ಳುತ್ತದೆ. ಮೆಣಸಿನ ಕೆಲಸವೇನು? 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಒಂದು ಸಂಶೋಧನಾ ಪ್ರಬಂಧ ಬಂತು. ಕೆಲವೇ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ ಶೇ. 2000ದಷ್ಟು ಹೆಚ್ಚಿತ್ತು. ದೇಹ ಕರ್ಕ್ಯುಮಿನನ್ನು ಬೇಗ ಬೇಗ ರೂಪಾಂತರಿಸಿ ಹೊರಹಾಕುವುದನ್ನು ಪೈಪರಿನ್ ತಡೆಯುತ್ತದೆ. ಆ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಸಾಮಿ ಲ್ಯಾಬ್ಸ್‌ನ ಸ್ಥಾಪಕ ದಿವಂಗತ ಮುಹಮ್ಮದ್ ಮಜೀದ್ ಒಬ್ಬರು. ಅರಿಸಿನ, ಮೆಣಸಿನ ಸಾರಗಳನ್ನು ಮಾರುವುದು ಅವರ ಕಂಪೆನಿಯ ವ್ಯಾಪಾರವೂ ಹೌದು ಎಂಬುದನ್ನು ಓದುಗರು ತೂಗಿ ನೋಡಬೇಕು.

2007ರಲ್ಲಿ ಅದೇ ಅಮರನಾಥ ಮೈತ್ರ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕರ್ಕ್ಯುಮಿನನ್ನು ಪಾಲಿಮರ್ ಕಣದೊಳಗೆ ಸೇರಿಸಿ 'ನ್ಯಾನೋಕರ್ಕ್ಯುಮಿನ್' ಮಾಡಿದರು. ನೀರಿನಲ್ಲಿ ಅದು ತಳಕ್ಕೆ ಕೂರದೆ ತಿಳಿಯಾಗಿ ಹರಡಿತು. ಪತ್ರಿಕೆಗಳು ಸಂಭ್ರಮಿಸಿದವು. ಆದರೆ 2017ರಲ್ಲಿ ರಸಾಯನಶಾಸ್ತ್ರಜ್ಞರು ನಡೆಸಿದ ಒಂದು ವಿಸ್ತೃತ ವಿಮರ್ಶೆ ಕಹಿ ಸತ್ಯ ಹೇಳಿತು. ಕರ್ಕ್ಯುಮಿನ್ ಕರಗದಿರುವುದಷ್ಟೇ ಅಲ್ಲ, ಬೇಗ ಒಡೆದುಹೋಗುವ ವಸ್ತು. ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ತೋರಿಸುವ ಗುಣವೂ ಅದಕ್ಕಿದೆ ಎಂದು ಅವರು ತೋರಿಸಿದರು. ಬೆಂಗಾವಲು ಎಷ್ಟೇ ಗಟ್ಟಿಯಾಗಿರಲಿ, ಸರಕಿನಲ್ಲಿ ಸತ್ವವಿಲ್ಲದಿದ್ದರೆ ಪ್ರಯಾಣ ವ್ಯರ್ಥ.

ನಂಜನಗೂಡು, 2020

ಇನ್ನೊಮ್ಮೆ ಕಪಿಲೆಯ ದಡಕ್ಕೆ ಬರೋಣ. ಮದ್ದು ನಂಜನಗೂಡಿಗೆ ಹೊಸದಲ್ಲ. 1913ರಲ್ಲಿ ವೈದ್ಯ ಬಿ.ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆಯನ್ನು ಆರಂಭಿಸಿದರು. ನಂಜನಗೂಡಿನ ಹಲ್ಲುಪುಡಿ ಎಷ್ಟೋ ಮನೆಗಳ ಬೆಳಗಿನ ಗುರುತಾಗಿತ್ತು. ನಂತರ ಬಂದ ಕೈಗಾರಿಕೆಗಳಲ್ಲಿ ಜ್ಯುಬಿಲಂಟ್ ಎಂಬ ಔಷಧ ಕಾರ್ಖಾನೆಯೂ ಒಂದು. 2020ರ ಮಾರ್ಚ್ ಕೊನೆಯ ವಾರದಲ್ಲಿ ಅದರ ನೌಕರರೊಬ್ಬರಲ್ಲಿ ಕೊರೊನಾ ಪತ್ತೆಯಾಯಿತು. ಮುಂದೆ ಅದಕ್ಕೆ ಸಂಬಂಧಿಸಿದ 70ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ನಂಜನಗೂಡು ಎಂಬ ಹೆಸರು ಕೇಳಿದರೆ ಜನ ಹಿಂದೆ ಸರಿಯುವಂತಾಯಿತು. ಅದೇ ದಿನಗಳಲ್ಲಿ ದೇಶದಲ್ಲಿ ತಬ್ಲೀಗಿಗಳ ಹೆಸರಿನಲ್ಲಿ ಒಂದು ಸಮುದಾಯವನ್ನೇ ಕಟಕಟೆಗೆ ನಿಲ್ಲಿಸಲಾಗಿತ್ತು. ರೋಗಕ್ಕೆ ಊರಿನ ಹೆಸರಿಡುವುದು, ಧರ್ಮದ ಹೆಸರಿಡುವುದು ಎಷ್ಟು ಸುಲಭ ಎಂದು ಆಗ ಎರಡೂ ಕಡೆಯವರು ಉಂಡು ತಿಳಿದರು.

ಆ ಕಂಪೆನಿ 2020ರ ಮೇ ತಿಂಗಳಲ್ಲಿ ರೆಮ್ಡೆಸಿವಿರ್ ತಯಾರಿಸುವ ಪರವಾನಗಿ ಪಡೆದ ಭಾರತೀಯ ಕಂಪೆನಿಗಳಲ್ಲಿ ಒಂದಾಯಿತು. ಆಗಸ್ಟ್‌ನಲ್ಲಿ 100 ಮಿಲಿಗ್ರಾಮಿನ ಒಂದು ಸೀಸೆಯನ್ನು 4,700 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. ರೆಮ್ಡೆಸಿವಿರ್ ಕೂಡ ನೀರಿನಲ್ಲಿ ಬಹುತೇಕ ಕರಗದ ಮದ್ದು! ಅದಕ್ಕೆ ಬೆಂಗಾವಲಾದದ್ದು ಪಾಲಿಮರ್ ನ್ಯಾನೋಕಣವಲ್ಲ, ಪಿಷ್ಟದಿಂದ ತಯಾರಾಗುವ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ಬಳೆ. ಬಳೆಯ ಹೊರಮೈ ನೀರಿಗೆ ಒಗ್ಗುತ್ತದೆ, ಒಳಮೈ ಕರಗದ ಮದ್ದನ್ನು ಹಿಡಿದಿಡುತ್ತದೆ. ಕರಗಿಸುವ ಸಮಸ್ಯೆ ಬಗೆಹರಿದಿತ್ತು. ಆದರೆ 2020ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದಲ್ಲಿ, ಆಸ್ಪತ್ರೆಯ ರೋಗಿಗಳ ಸಾವನ್ನು ಅದು ಗಮನಾರ್ಹವಾಗಿ ತಗ್ಗಿಸಲಿಲ್ಲ ಎಂದು ಕಂಡುಬಂತು. ಆದರೂ 2021ರ ಎರಡನೆಯ ಅಲೆಯಲ್ಲಿ ಅದೇ ಸೀಸೆಗಾಗಿ ಜನ ಒಡವೆ ಅಡವಿಟ್ಟು ಕಾಳಸಂತೆಯಲ್ಲಿ ನಿಂತರು. ದೇಹದಲ್ಲಿ ಕರಗುವಂತೆ ಮಾಡಿದ ಮದ್ದು ಬಡವನ ಕೈಗೆ ಮಾತ್ರ ಕರಗಲಿಲ್ಲ.

ಸುತ್ತೂರಿನ ದಾರಿ

ಸುತ್ತೂರು ಮಠದ 23ನೆಯ ಪೀಠಾಧಿಪತಿಗಳಾಗಿದ್ದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916–1986) ಹಳ್ಳಿಗಾಡಿನ ಬಡ ಮಕ್ಕಳಿಗೆ ಮೈಸೂರಿನಲ್ಲಿ ಅನ್ನ, ವಸತಿ ಒದಗಿಸುವುದರಿಂದ ಆರಂಭಿಸಿ 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಕಟ್ಟಿದರು. 1973ರಲ್ಲಿ ಮೈಸೂರಿನ ಫಾರ್ಮಸಿ ಕಾಲೇಜು, 1980ರಲ್ಲಿ ಊಟಿಯದು, 1984ರಲ್ಲಿ ವೈದ್ಯಕೀಯ ಕಾಲೇಜು ಬಂದವು. 2008ರಲ್ಲಿ ಅವು ಸೇರಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1973ರಲ್ಲಿ ಫಾರ್ಮಸಿ ಎಂದರೆ ಜನರಿಗೆ ಮದ್ದಿನಂಗಡಿಯ ಕೆಲಸ ಮಾತ್ರ. ಅನ್ನದಾಸೋಹದ ಮಠವೊಂದು ಮದ್ದಿನ ವಿದ್ಯೆಗೆ ಕಾಲೇಜು ತೆರೆದದ್ದನ್ನು ಬಗ್ದಾದಿನ ಮದ್ರಸ, ಆಸ್ಪತ್ರೆಗಳ ಚರಿತ್ರೆ ಓದಿದವರು ಸುಲಭವಾಗಿ ಅರ್ಥಮಾಡಿಕೊಳ್ಳುತ್ತಾರೆ. ಧರ್ಮಸಂಸ್ಥೆಯ ಆಸರೆಯಲ್ಲಿ ಲೋಕವಿದ್ಯೆ ಬೆಳೆಯುವುದು ಎರಡೂ ಪರಂಪರೆಗಳಲ್ಲಿ ಇದ್ದದ್ದೇ.

ಇಂದು ಆ ಕಾಲೇಜುಗಳ, ಮತ್ತು ಕರ್ನಾಟಕದ ಇತರ ಫಾರ್ಮಸಿ ಕಾಲೇಜುಗಳ ಸಂಶೋಧನಾ ಪ್ರಬಂಧಗಳಲ್ಲಿ ನ್ಯಾನೋಕಣ ಪರಿಚಿತ ಶಬ್ದ. ಏಕೆಂದರೆ ಮಾರುಕಟ್ಟೆಯ ಮದ್ದುಗಳಲ್ಲಿ ಶೇ. 40ರಷ್ಟು ನೀರಿನಲ್ಲಿ ಸರಿಯಾಗಿ ಕರಗದವು ಎಂಬ ಅಂದಾಜಿದೆ. ಹೊಸದಾಗಿ ಕಂಡುಹಿಡಿಯುತ್ತಿರುವ ಅಣುಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಆದರೆ ಪ್ರಬಂಧಗಳ ರಾಶಿಗೂ ಮದ್ದಿನಂಗಡಿಗೂ ನಡುವೆ ದೊಡ್ಡ ಕಂದಕವಿದೆ. 2016ರಲ್ಲಿ ಟೊರೊಂಟೊದ ಸಂಶೋಧಕರು ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ರಕ್ತಕ್ಕೆ ಬಿಟ್ಟ ನ್ಯಾನೋಕಣಗಳಲ್ಲಿ ಗೆಡ್ಡೆಯನ್ನು ಮುಟ್ಟಿದ ಪಾಲಿನ ಮಧ್ಯಾಂಕ ಶೇ. 0.7 ಮಾತ್ರ. ಅದೇ ವರ್ಷ, ಲ್ಯಾಂಗರ್ ಮತ್ತು ಇರಾನ್ ಮೂಲದ ಉಮೀದ್ ಫಾರೂಖ್‌ಜಾದ್ ಕಟ್ಟಿದ, ಪಾಲಿಮರ್ ನ್ಯಾನೋಕಣಗಳಲ್ಲಿ ಕ್ಯಾನ್ಸರ್ ಮದ್ದು ಕಳಿಸುವ ಬೈಂಡ್ ಎಂಬ ಕಂಪೆನಿ ದಿವಾಳಿಯಾಯಿತು. ಪ್ರಪಂಚದ ಅತ್ಯುತ್ತಮ ತಲೆಗಳು ಸೋತ ದಾರಿ ಇದು. ಸೋಲನ್ನು ಹೇಳದೆ ಗೆಲುವನ್ನಷ್ಟೇ ಹೇಳುವ ಚರಿತ್ರೆ ಜಾಹೀರಾತಾಗುತ್ತದೆ.

ಪ್ರತಿಯೊಂದು ರೋಗಕ್ಕೂ ಮದ್ದನ್ನು ಇರಿಸಲಾಗಿದೆ, ಆದ್ದರಿಂದ ಚಿಕಿತ್ಸೆ ಹುಡುಕಿರಿ ಎಂಬುದು ಪ್ರವಾದಿವರ್ಯರ(ಸ) ಬೋಧನೆಯ ಸಾರ. ಹುಡುಕುವವರ ಮೇಲೆ ಇನ್ನೊಂದು ಹೊಣೆಯೂ ಇದೆ. ಹನ್ನೆರಡನೆಯ ಶತಮಾನದ ಸಿರಿಯಾದಲ್ಲಿ ಅಲ್ ಶೈಝರೀ ಎಂಬವರು ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬನಿಗಾಗಿ ಒಂದು ಕೈಪಿಡಿ ಬರೆದರು. ಅದರಲ್ಲಿ ಮದ್ದು ಮಾರುವವರ ಬಗ್ಗೆ, ಶರಬತ್ತು ತಯಾರಿಸುವವರ ಬಗ್ಗೆ ಪ್ರತ್ಯೇಕ ಅಧ್ಯಾಯಗಳಿವೆ. ಕಲಬೆರಕೆಯ ಉಪಾಯಗಳನ್ನು ಪಟ್ಟಿಮಾಡಿ, ಅವುಗಳನ್ನು ಹಿಡಿಯುವುದು ಹೇಗೆಂದು ಅವರು ತಿಳಿಸಿದ್ದಾರೆ. ರೋಗಿಗೆ ಪರೀಕ್ಷಿಸಿ ನೋಡುವ ಶಕ್ತಿ ಇಲ್ಲ, ಅವನು ನಂಬಿ ಕುಡಿಯುತ್ತಾನೆ, ಆದ್ದರಿಂದ ಅವನ ಪರವಾಗಿ ಇನ್ನೊಬ್ಬ ನೋಡಬೇಕು ಎಂಬ ತಿಳಿವಳಿಕೆ ಒಂಬತ್ತು ಶತಮಾನಗಳ ಹಿಂದೆಯೇ ಇತ್ತು. ಇಸ್ಲಾಮಿನ ಭಾಷೆಯಲ್ಲಿ ಇದು ಅಮಾನತ್, ನಂಬಿ ಒಪ್ಪಿಸಿದ ಒತ್ತೆ.

ಕೆಮ್ಮಿನ ಸಿರಪ್‌ನ ಒಂದು ಪೀಪಾಯಿ ಗ್ಲೈಕಾಲನ್ನು ಪರೀಕ್ಷಿಸಲು ನ್ಯಾನೋ ತಂತ್ರಜ್ಞಾನ ಬೇಕಿಲ್ಲ. ಇರುವ ಕಾನೂನು, ಇರುವ ಪ್ರಯೋಗಾಲಯ, ಲಂಚ ಮುಟ್ಟದ ಒಬ್ಬ ಇನ್ಸ್‌ಪೆಕ್ಟರ್ ಸಾಕು. ಅದನ್ನು ಮಾಡಲಾರದ ದೇಶ ನಾಳೆ ಕಣ್ಣಿಗೇ ಕಾಣದ ಪಾಲಿಮರ್ ಪೊಟ್ಟಣಗಳನ್ನು ಹೇಗೆ ಪರೀಕ್ಷಿಸೀತು? ಅವುಗಳ ಗಾತ್ರ, ಅವುಗಳಲ್ಲಿ ಉಳಿದ ಅಸಿಟೋನ್, ಅವು ದೇಹದಲ್ಲಿ ಎಲ್ಲಿ ತಂಗುತ್ತವೆ ಎಂಬುದನ್ನು ನೋಡುವ ಕೈಗಳು ಬೇಕು. ಆ ಕೈಗಳನ್ನು ತಯಾರಿಸಬೇಕಾದವು ಮೈಸೂರಿನಂತಹ ಊರಿನ ಫಾರ್ಮಸಿ ಕಾಲೇಜುಗಳೇ. ಅಲ್ಲಿ ಕಲಿತು ಹೊರಬರುವ ವಿದ್ಯಾರ್ಥಿಗಳಲ್ಲಿ ಕೆಲವರು ಹೊಸ ಕಣಗಳನ್ನು ಕಟ್ಟಲಿ. ಇನ್ನು ಕೆಲವರು ಔಷಧ ನಿಯಂತ್ರಣ ಇಲಾಖೆಯಲ್ಲಿ ಕುಳಿತು ಹಳೆಯ ಸಿರಪ್‌ಗಳ ಪೀಪಾಯಿ ತೆರೆದು ನೋಡಲಿ. ಛಿಂದ್ವಾಡಾದ ತಾಯಂದಿರಿಗೆ ಈ ಎರಡನೆಯವರು ಬೇಕಾಗಿತ್ತು.